ಬೆನ್ನ ಹಿಂದಿನ ಕೈ

ಚೌರಿಗೂದಲಿಗೆ ಹಳೇ ಟ್ರಂಕಿನ ವಾಸನೆ ಇತ್ತು. ವಸ್ತ್ರದ ಕೆಲಸದ ಅಕ್ಕ ಅದನ್ನು ಅವನ ತಲೆಗೆ ಒತ್ತಿ ಕೂರಿಸಿ, ಕಿವಿಯ ಹಿಂದೆ ನಾಲ್ಕು ಪಿನ್ನು ಸಿಕ್ಕಿಸಿ, ಎರಡು ಜಡೆಗಳನ್ನೂ ಬೆನ್ನ ಮೇಲೆ ಸರಿಮಾಡಿ ಬಿಟ್ಟು, ಎರಡು ಹೆಜ್ಜೆ ಹಿಂದೆ ಹೋಗಿ ನೋಡಿದಳು. ನಗಬಾರದು ಅಂತ ಅವಳು ಗಟ್ಟಿ ಮನಸ್ಸು ಮಾಡಿದ್ದು ಅವಳ ಕೆನ್ನೆಯಲ್ಲೇ ಗೊತ್ತಾಗುತ್ತಿತ್ತು. "ಹೇಳಿ ಮಾಡಿಸಿದ ಹಾಗಿದೆ ಮೇಷ್ಟ್ರೇ," ಅಂದಳು. "ಮೀಸೆ?" ಅಂದ ಅವನು. "ಬೆನ್ನು ತಾನೆ ಕಾಣೋದು, ಮೀಸೆ ನಿಮ್ಮ ಹತ್ರಾನೇ ಇರ್ಲಿ." ಆಟಗಾರರು ಬಟ್ಟೆ ಬದಲಾಯಿಸುವ ಆ ಕೋಣೆಯ ಕನ್ನಡಿ ಗೋಡೆಯಲ್ಲಿ ಎತ್ತರಕ್ಕಿತ್ತು, ಅವನ ಪಾಲಿಗೆ ಅದರಲ್ಲಿ ಹಣೆಯೂ ಬೈತಲೆಯೂ ಮಾತ್ರ ಸಿಕ್ಕಿದವು. ಹತ್ತು ವರ್ಷದ ಹುಡುಗಿಯ ಹಳದಿ ಸ್ವೆಟರು ನಲವತ್ತಾರು ವರ್ಷದ ಗಂಡಸಿನ ಮೈಮೇಲೆ ಎಲ್ಲೂ ಬಿಗಿಯದೆ ಎಲ್ಲೂ ಜೋಲದೆ ಕೂತಿತ್ತು. ಅವನಿಗೆ ಸಹಿಸಲಾಗದಿದ್ದದ್ದು ಅದೇ. ಒಂದು ಹೊಲಿಗೆಯಾದರೂ ಬಿಟ್ಟಿದ್ದರೆ, ತೋಳು ಮೊಣಕೈಗೇ ನಿಂತುಬಿಟ್ಟಿದ್ದರೆ, ಎಲ್ಲರ ಜೊತೆ ತಾನೂ ನಕ್ಕು ಕೈತೊಳೆದುಕೊಳ್ಳಬಹುದಿತ್ತು. ನಿಮ್ಮ ಅಂಗಿ ಒಣಗಿಸೋಕೆ ಅರ್ಧ ಹಗ್ಗ ಸಾಕು ಅಂತ ಹೆಂಡತಿ ಮದುವೆಯಾದ ಹೊಸದರಲ್ಲಿ ಅಂದಿದ್ದಳು, ಪ್ರೀತಿಯಿಂದಲೇ ಅಂದಿದ್ದಳು, ಆದರೂ ಇವತ್ತಿನವರೆಗೂ ಹಗ್ಗದ ಮೇಲೆ ತನ್ನ ಅಂಗಿ ಕಂಡಾಗಲೆಲ್ಲ ಅವನು ಉಳಿದ ಅರ್ಧ ಹಗ್ಗವನ್ನೇ ನೋಡುತ್ತಾನೆ.

ಅವನನ್ನು ಎಲ್ಲರೂ ನಾಯಿ ಮೇಷ್ಟ್ರು ಅನ್ನುತ್ತಿದ್ದರು. ನಾಯಿಯನ್ನು ಮಾತ್ರ ಸಾಹೇಬ್ರು ಅನ್ನುತ್ತಿದ್ದರು, ಯಾಕೆಂದರೆ ನಾಯಿಗೆ ಬೇರೆ ಕುರ್ಚಿ, ಬೇರೆ ಛತ್ರಿ, ಮಧ್ಯಾಹ್ನ ಒಂದು ಗಂಟೆ ನಿದ್ದೆ. ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾ ಅಂತ ನಿರ್ದೇಶಕ ಕಂಡಕಂಡವರಿಗೆಲ್ಲ ಹೇಳುತ್ತಿದ್ದ: ಒಂದು ಒಂಟಿ ಹುಡುಗಿ, ಅವಳಿಗೊಂದು ನಾಯಿ ಸಿಗುತ್ತದೆ, ಆ ನಾಯಿ ಫುಟ್‌ಬಾಲ್ ಆಡುತ್ತದೆ, ಗೋಲಿನ ಮುಂದೆ ನಿಂತು ಎಗರಿ ಎಗರಿ ಚೆಂಡು ತಡೆಯುತ್ತದೆ, ಹುಡುಗಿಯ ಶಾಲೆ ಗೆಲ್ಲುತ್ತದೆ. ಚೆಂಡು ತಡೆಯುವುದನ್ನು ಸಾಹೇಬನಿಗೆ ಕಲಿಸಲು ಅವನಿಗೆ ಐದು ತಿಂಗಳು ಹಿಡಿದಿತ್ತು. ಆ ಶಾಟುಗಳೆಲ್ಲ ನೀರು ಕುಡಿದ ಹಾಗೆ ಮುಗಿದುಹೋದವು. ಉಳಿದದ್ದು ಇದೊಂದು ಕೊನೆಯ ಶಾಟು. ಗೆದ್ದ ಗದ್ದಲದಿಂದ ದೂರ ಹುಡುಗಿ ಮೈದಾನಕ್ಕೆ ಬೆನ್ನು ಹಾಕಿ ಬೆಂಚಿನ ಮೇಲೆ ಒಬ್ಬಳೇ ಕೂತಿರುತ್ತಾಳೆ. ನಾಯಿ ಎಲ್ಲರನ್ನೂ ಬಿಟ್ಟು, ಉದ್ದಕ್ಕೂ ಮೈದಾನ ದಾಟಿ, ಹಿಂದಿನಿಂದ ಓಡಿ ಬಂದು ಅವಳ ಮೇಲೆ ಬೀಳುತ್ತದೆ. ಕ್ಯಾಮೆರಾ ಆಚೆ ತುದಿಯ ಮೆಟ್ಟಿಲುಗಳ ನೆತ್ತಿಯಲ್ಲಿ. ಇಡೀ ಮೈದಾನ ಕಾಣುತ್ತದೆ, ಅವನು ಅಡಗಿ ಕೂತು ನಾಯಿಯನ್ನು ಕರೆಯಲು ಒಂದು ಪೊದೆಯೂ ಇಲ್ಲ. ಬೆಳಿಗ್ಗೆ ಅವನನ್ನು ಇದೇ ಕೋಣೆಯೊಳಗೆ ಹಾಕಿ ಚಿಲಕ ಹಾಕಿ, ಹುಡುಗಿಯನ್ನೇ ಕೂರಿಸಿ ಮೂರು ಸಲ ನೋಡಿದರು. ಎರಡು ಸಲ ಸಾಹೇಬ ಅರ್ಧ ದಾರಿಗೆ ನಿಂತು ಸುತ್ತ ನೋಡಿ ಕೂತುಬಿಟ್ಟ. ಮೂರನೇ ಸಲ ಗೋಲಿನ ಕಂಬಕ್ಕೆ ಕಾಲೆತ್ತಿದ. ಆಗ ನಿರ್ದೇಶಕ ಕೋಣೆಯ ಚಿಲಕ ತೆಗೆದು ಅವನನ್ನು ಮೇಲಿನಿಂದ ಕೆಳಗೆ ನೋಡಿದ. ನೋಡಿ ಮುಗಿಸಲು ಬಹಳ ಹೊತ್ತು ಬೇಕಾಗಲಿಲ್ಲ. "ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳ್ಲಾ," ಅಂದ. ಅವನು ಬೇಜಾರು ಮಾಡಿಕೊಳ್ಳಲಿಲ್ಲ, ಅದೂ ನಿಜ. ಒಳಗೊಳಗೆ ಹೆಮ್ಮೆಯೇ ಆಗಿತ್ತು. ಸಾಹೇಬ ತಿಂಡಿಗೆ ಓಡೋ ನಾಯಿ ಅಲ್ಲ, ನನಗೆ ಓಡ್ತಾನೆ ಅಂತ ಮೊದಲ ದಿನವೇ ಹೇಳಿದ್ದ. ಈಗ ಸುಮ್ಮನೆ ಸ್ವೆಟರು ಹಾಕಿಕೊಂಡು ಅದನ್ನು ತೋರಿಸಿದರೆ ಆಯಿತು.

ಆದರೆ ಇವತ್ತು ಹುಡುಗಿಯ ಕೊನೆಯ ದಿನ, ಸಂಜೆ ಅವಳ ಅಮ್ಮ ಅವಳನ್ನು ಕರೆದುಕೊಂಡು ಹೋಗುತ್ತಾಳೆ, ಅಷ್ಟರೊಳಗೆ ಅವಳಿಗೊಂದು ಮಾತು ಹೇಳಬೇಕಿತ್ತು. ಬೆಳಿಗ್ಗೆ ಹಲ್ಲುಜ್ಜುವಾಗಲೇ ಅವನು ಅಂದುಕೊಂಡಿದ್ದ, ಇವತ್ತು ಹೇಳಿಬಿಡುತ್ತೇನೆ ಅಂತ. ಇಪ್ಪತ್ತಮೂರು ದಿನದಿಂದ ಹಲ್ಲುಜ್ಜುವಾಗೆಲ್ಲ ಅಂದುಕೊಂಡಿದ್ದಾನೆ. ಮೊದಲಿಗೆ ಅವಳಿಗೆ ಹೇಳಿದ್ದು ಇಷ್ಟೇ: ಕೆಲಸದ ನಾಯಿಯನ್ನು ಬೇರೆ ಯಾರೂ ಮುಟ್ಟಬಾರದು, ಮುದ್ದು ಮಾಡಬಾರದು, ಒಂದು ಚೂರು ಬಿಸ್ಕತ್ತೂ ಕೊಡಬಾರದು. ಕೊಟ್ಟರೆ ನಾಯಿಯ ಕಣ್ಣು ಅವರ ಹಿಂದೆ ಹೋಗುತ್ತದೆ, ಇವನ ಕೈಗೆ ನಿಲ್ಲುವುದಿಲ್ಲ. ಇದು ಕಸುಬಿನ ಮಾತು, ಎಲ್ಲ ಸೆಟ್ಟಿನಲ್ಲೂ ಹೇಳುವಂಥದ್ದು, ಬೇರೆ ಮಕ್ಕಳಿಗೂ ಹೇಳಿದ್ದ. ಅವರು ಸರಿ ಅಂದು, ಕದ್ದು ಮುಚ್ಚಿ ಮುಟ್ಟಿ, ಬೈಸಿಕೊಂಡು, ಮತ್ತೆ ಮುಟ್ಟಿದ್ದರು. ಈ ಹುಡುಗಿ ಯಾಕೆ ಅಂತ ಕೇಳಿದಳು. ಹೇಳಿದ. ಮುಟ್ಟಿದ್ರೆ ಯಾಕೆ ಅದರ ಕಣ್ಣು ನನ್ನ ಹಿಂದೆ ಬರತ್ತೆ ಅಂತ ಕೇಳಿದಳು. ಅದಕ್ಕೂ ಏನೋ ಹೇಳಿದ. ಬಂದ್ರೆ ಒಳ್ಳೇದಲ್ವಾ, ಸಿನಿಮಾದಲ್ಲಿ ಅದು ನನ್ನ ನಾಯಿ ಅಲ್ವಾ ಅಂದಳು. ಅವತ್ತು ಬೆಳಿಗ್ಗೆಯಿಂದ ನಿಂತೇ ಇದ್ದ, ಸಾಹೇಬನ ಹಿಂಗಾಲಿಗೆ ಮುಳ್ಳು ಹೊಕ್ಕಿತ್ತು, ಯಾರೋ ನಾಯಿ ಮೇಷ್ಟ್ರೇ ನಾಯಿ ಮೇಷ್ಟ್ರೇ ಅಂತ ಕೂಗುತ್ತಿದ್ದರು. ಬಾಯಿಗೆ ಬಂದದ್ದು ಹೇಳಿಬಿಟ್ಟ. "ಅದಕ್ಕೆ ನಿನ್ನ ಕಂಡ್ರೆ ಆಗಲ್ಲಮ್ಮ. ಮುಟ್ಟಿದ್ರೆ ಕೋಪ ಬರತ್ತೆ." ಹುಡುಗಿ ಹೂಂ ಅಂದಳು. ಎರಡೂ ಕೈಯನ್ನು ಬೆನ್ನ ಹಿಂದೆ ತೆಗೆದುಕೊಂಡು ಹೋಗಿ ಒಂದರೊಳಗೊಂದು ಹಿಡಿದುಕೊಂಡಳು. ಅವತ್ತಿನಿಂದ ಸಾಹೇಬ ಹತ್ತಿರ ಇದ್ದಷ್ಟು ಹೊತ್ತೂ ಅವಳ ಕೈ ಅಲ್ಲೇ.

ಮಾರನೇ ದಿನ ಮೊದಲ ಅಪ್ಪುಗೆಯ ಶಾಟು. ಹುಡುಗಿ ನಾಯಿಯ ಕುತ್ತಿಗೆ ತಬ್ಬಿಕೊಂಡು ಕೂತಿದ್ದಾಳೆ, ನಾಯಿ ಅಕ್ಕರೆಯಿಂದ ನೋಡುತ್ತಿದೆ. ನಾಯಿ ನೋಡುತ್ತಿದ್ದದ್ದು ಕ್ಯಾಮೆರಾದ ಕೆಳಗೆ ಕುಕ್ಕರಗಾಲಲ್ಲಿ ಕೂತ ಅವನ ಕೈಯನ್ನು. ಹುಡುಗಿ ತಬ್ಬಿಕೊಂಡೂ ತಬ್ಬಿಕೊಳ್ಳದ ಹಾಗೆ, ಬಿಸಿ ಪಾತ್ರೆ ಎತ್ತುವವರ ಹಾಗೆ, ತೋಳನ್ನು ತುಸು ದೂರವೇ ಇಟ್ಟುಕೊಂಡು, ಕಣ್ಣಲ್ಲಿ ಮಾತ್ರ ಏನೋ ಒಂದನ್ನು ತುಂಬಿಕೊಂಡು ಕೂತಿದ್ದಳು. ಕಟ್ ಅಂದ ತಕ್ಷಣ ಕೈ ಬೆನ್ನ ಹಿಂದೆ. ನಿರ್ದೇಶಕ ಪರದೆಯ ಮುಂದಿಂದ ಎದ್ದು ಬಂದು ಅವನ ಹೆಗಲ ಮೇಲೆ ಕೈ ಹಾಕಿ, "ಏನ್ ಮುಖ ನೋಡಿದ್ರಾ ಮೇಷ್ಟ್ರೇ, ಬೇಕು ಆದ್ರೆ ಕೇಳಲ್ಲ ಅನ್ನೋ ಮುಖ, ಇದು ಕಲಿಸಿ ಬರೋದಲ್ಲ," ಅಂದ. ಕಲಿಸಿಯೇ ಬಂದದ್ದು ಅದು. ಐದು ತಿಂಗಳು ಬೇಕಾಗಿರಲಿಲ್ಲ, ಒಂದೇ ಮಾತು ಸಾಕಾಗಿತ್ತು. ಆಮೇಲೆ ಹೇಳುವುದೆಂದರೆ ಆ ಮುಖವನ್ನು ಕೆಡಿಸುವುದೆಂದಾಯಿತು, ಸಿನಿಮಾ ಕೆಡಿಸಿದ ನಾಯಿ ಮೇಷ್ಟ್ರು ಅನ್ನಿಸಿಕೊಳ್ಳುವುದೆಂದಾಯಿತು. ನಾಳೆ ಹೇಳೋಣ, ಕೊನೆಗೆ ಹೇಳೋಣ ಅಂತ ತಳ್ಳಿಕೊಂಡು ಬಂದ. ಹುಡುಗಿ ಮಾತ್ರ ಅವನನ್ನು ಕಂಡರೆ ನಗುತ್ತಿದ್ದಳು. ಊಟದ ಹೊತ್ತಿಗೆ ತನ್ನ ತಟ್ಟೆ ಹಿಡಿದುಕೊಂಡು ಬಂದು, ಸಾಹೇಬನ ಸರಪಳಿಯ ಅಳತೆಗಿಂತ ಒಂದು ಗೇಣು ಆಚೆ ಕೂತು, ಅದು ತಿನ್ನುವುದನ್ನು ನೋಡುತ್ತಾ ತಾನೂ ತಿನ್ನುತ್ತಿದ್ದಳು.

ಈಗ ಅವಳು ಬಾಗಿಲಲ್ಲಿ ನಿಂತಿದ್ದಳು. ಸ್ವೆಟರು ಒಂದೇ ಇದ್ದದ್ದು, ಎರಡನೆಯದು ಒಗೆದು ಕುಗ್ಗಿಹೋಗಿತ್ತು. ಅವಳ ಮೈಮೇಲೆ ತೆಳ್ಳನೆಯ ಅರ್ಧ ತೋಳಿನ ಅಂಗಿ, ಮೊಣಕೈವರೆಗೂ ರೋಮ ಎದ್ದು ನಿಂತಿತ್ತು. ಅಮ್ಮ ಫೋನಿನಲ್ಲಿ ಮಾತಾಡುತ್ತಾ ಕಾರಿನ ಹತ್ತಿರ ಇದ್ದಳು. "ಅಂಕಲ್, ನಾನು ಹಿಂದಿನಿಂದ ಹೀಗೇ ಕಾಣ್ತೀನಾ?" ಅಂತ ಕೇಳಿದಳು. "ನೀನು ನನಗಿಂತ ಚೆನ್ನಾಗಿ ಕಾಣ್ತೀಯ." ಅವಳು ಅವನ ಸುತ್ತ ಒಂದು ಸಲ ಬಂದು ನೋಡಿ, "ನಿಮ್ಮ ಬೆನ್ನು ಬಗ್ಗಿದೆ. ನೆಟ್ಟಗೆ ಕೂತ್ಕೊಳ್ಳಿ. ನಾನು ನೆಟ್ಟಗೆ ಕೂರೋದು," ಅಂದಳು. "ಯಾರು ಹೇಳಿಕೊಟ್ರು?" "ಯಾರೂ ಇಲ್ಲ. ಕಾಯ್ತಾ ಇರೋದು ಗೊತ್ತಾಗಬಾರದು ಅಂದ್ರೆ ನೆಟ್ಟಗೆ ಕೂರಬೇಕು." ಅವನು ಬಾಯಿ ತೆರೆದ. ಈಗಲೇ, ಹೇಳುವುದಾದರೆ ಈಗಲೇ, ಎರಡು ಜಡೆ ಹಾಕಿಕೊಂಡ ಗಂಡಸು ಏನು ಹೇಳಿದರೂ ಅರ್ಧ ತಮಾಷೆಯಾಗಿ ಹೋಗುತ್ತದೆ, ಅದೇ ಒಳ್ಳೆಯದು. ನೋಡಮ್ಮ, ಅವತ್ತು ನಾನು, ಅಂತ ಶುರು ಮಾಡುವಷ್ಟರಲ್ಲಿ ಹೊರಗಿನಿಂದ ಬೆಳಕು ಹೋಗ್ತಾ ಇದೆ ಮೇಷ್ಟ್ರೇ ಅಂತ ಕೂಗಿದರು. ಅವನಿಗೆ ನೆಮ್ಮದಿಯಾಯಿತು, ಆ ನೆಮ್ಮದಿಗೆ ನಾಚಿಕೆಯೂ ಆಯಿತು. ಗೂಟಕ್ಕೆ ನೇತುಹಾಕಿದ್ದ ತನ್ನ ತೋಳಿಲ್ಲದ ಜಾಕೆಟ್ಟು ತೆಗೆದು, ಆರು ಜೇಬಿನ, ಏಳು ವರ್ಷದಿಂದ ಮೈಮೇಲಿದ್ದ ಜಾಕೆಟ್ಟು, ಅವಳ ಹೆಗಲಿಗೆ ಹಾಕಿ ಗುಂಡಿ ಸೇರಿಸಿದ. "ಚಳಿ. ಹಾಕ್ಕೊಂಡಿರು," ಅಂದ. ಅದಿಷ್ಟೇ ಅವನ ಕೈಲಾದದ್ದು. ಅವಳು ಥ್ಯಾಂಕ್ಸ್ ಅಂದಳು.

ಬೆಂಚು ತಣ್ಣಗಿತ್ತು. ಹಿಂದೆ ಇಡೀ ಮೈದಾನ, ಅದರಾಚೆ ತುದಿಯಲ್ಲಿ ಸಾಹೇಬನ ಕುತ್ತಿಗೆಪಟ್ಟಿ ಹಿಡಿದು ನಿಂತ ಸಹಾಯಕ. ಮುಂದೆ ಸುಣ್ಣ ಉದುರಿದ ಗೋಡೆ, ಒಂದು ನಲ್ಲಿ, ಬಲಗಡೆ ಕ್ಯಾಮೆರಾದ ಚೌಕಟ್ಟಿನಿಂದ ಆಚೆ, ಕೋಣೆಯ ಮೂಲೆಗೆ ಒರಗಿ ನಿಂತ ಹುಡುಗಿ. ತಿರುಗಿ ನೋಡುವ ಹಾಗಿರಲಿಲ್ಲ. ಅವನು ಬೆನ್ನು ನೆಟ್ಟಗೆ ಮಾಡಿದ. ಹಿಂದಿನಿಂದ ಯಾರೋ ಬರುವುದಕ್ಕೆ ಹೀಗೆ ಕಾದು ಕೂತು ಎಷ್ಟು ವರ್ಷವಾಗಿತ್ತೋ. ಶಾಲೆಯಲ್ಲಿ ದುಂಡಗೆ ಕೂತು ಆಡುತ್ತಿದ್ದ ಆಟ, ಒಬ್ಬಳು ಕರವಸ್ತ್ರ ಹಿಡಿದು ಎಲ್ಲರ ಹಿಂದೆ ಓಡುತ್ತಾಳೆ, ಬೇಕಾದವರ ಬೆನ್ನ ಹಿಂದೆ ಸದ್ದಿಲ್ಲದೆ ಹಾಕುತ್ತಾಳೆ. ಕೂತವರು ತಿರುಗಬಾರದು, ಹೆಜ್ಜೆಯ ಸದ್ದಿನಲ್ಲೇ ತಿಳಿಯಬೇಕು. ಅವನಷ್ಟು ಚೆನ್ನಾಗಿ ಆ ಸದ್ದನ್ನು ಕೇಳಿದವರು ಯಾರೂ ಇರಲಿಲ್ಲ. ಯಾರ ಹಿಂದೆ ನಿಧಾನವಾಯಿತು, ಯಾರ ಹಿಂದೆ ಬಗ್ಗಿದರು, ಯಾರ ಹಿಂದೆ ಸುಮ್ಮನೆ ಆಸೆ ತೋರಿಸಿ ಹೋದರು, ಎಲ್ಲ ಗೊತ್ತಾಗುತ್ತಿತ್ತು. ಇಡೀ ವರ್ಷ ಕೇಳಿದ. ತನ್ನ ಹಿಂದೆ ಬಂದಾಗ ಹೆಜ್ಜೆ ನಿಧಾನವಾಗುತ್ತಲೇ ಇರಲಿಲ್ಲ. ಆದರೂ ಆಟ ಮುಗಿದ ಮೇಲೆ ಕೈ ಹಿಂದೆ ಹಾಕಿ ನೆಲ ತಡಕಿ ನೋಡುತ್ತಿದ್ದ. ಇದನ್ನೆಲ್ಲ ಈಗ ಯಾಕೆ ನೆನೆಸಿಕೊಳ್ಳಬೇಕು, ಅದಕ್ಕೂ ನಾಯಿ ಕೆಲಸಕ್ಕೂ ಏನು ಸಂಬಂಧ ಅಂತ ತನ್ನನ್ನೇ ಗದರಿಸಿಕೊಂಡ. ಜಡೆ ಕತ್ತಿಗೆ ಕಚಗುಳಿ ಇಡುತ್ತಿತ್ತು. ಗಾಳಿ ಗೋಡೆಯ ಕಡೆಯಿಂದ ಮೈದಾನದ ಕಡೆಗೆ ಬೀಸುತ್ತಿತ್ತು. ಆ್ಯಕ್ಷನ್ ಅಂದದ್ದು ದೂರದಿಂದ ಕೇಳಿಸಿತು, ಅವನು ಎರಡು ಬೆರಳು ತುಟಿಗಿಟ್ಟು ಸಣ್ಣಗೆ ಸಿಳ್ಳೆ ಹಾಕಿದ.

ಬಂದ. ಮೊದಲು ಏನೂ ಇಲ್ಲ, ಆಮೇಲೆ ಹುಲ್ಲಿನ ಮೇಲೆ ನಾಲ್ಕು ಪಂಜ ಒಟ್ಟಿಗೆ ಬೀಳುವ ಆ ಮೆತ್ತನೆಯ ಏಟು, ಅರ್ಧ ದಾರಿ, ಅರ್ಧ ದಾರಿ ದಾಟಿತು, ನಿಲ್ಲಲಿಲ್ಲ. ಉಸಿರು ಕೇಳಿಸತೊಡಗಿತು. ಅವನ ಎದೆ ಹಗುರಾಯಿತು, ಕಣ್ಣು ಸುಮ್ಮನೆ ಒದ್ದೆಯಾಯಿತು, ಬಾರಪ್ಪ ಬಾ ಅಂತ ತುಟಿಯೊಳಗೇ ಅಂದುಕೊಂಡ. ಇಷ್ಟು ವರ್ಷದಲ್ಲಿ ಒಂದು ಸಲವಾದರೂ ತನ್ನ ಹಿಂದಿನಿಂದ ಹೀಗೆ ಅದು ಬಂದಿರಲಿಲ್ಲ, ಯಾವಾಗಲೂ ತಾನು ಎದುರಿಗೆ ನಿಂತು, ಕೈ ತೋರಿಸಿ, ಕರೆದು ಬಂದದ್ದು. ಇನ್ನೇನು ತಾಗುತ್ತದೆ ಅಂತ ಬೆನ್ನು ಗಟ್ಟಿಯಾಯಿತು. ಪಂಜದ ಸದ್ದು ಬೆಂಚಿನವರೆಗೂ ಬಂದು, ಒಂದು ಚೂರು ನಿಧಾನವಾಗಿ, ಅಲ್ಲಿಂದ ಬಲಕ್ಕೆ ತಿರುಗಿ, ಮತ್ತೆ ಜೋರಾಗಿ ಹೋಯಿತು. ತಿರುಗಬಾರದೆಂದು ಗೊತ್ತಿತ್ತು, ತಿರುಗಲಿಲ್ಲ. ಕಣ್ಣಂಚಿನಲ್ಲಿ ಕಂಡಷ್ಟು ಕಂಡಿತು. ಸಾಹೇಬ ಹಿಂಗಾಲ ಮೇಲೆ ನಿಂತು ಹುಡುಗಿಯ ಎದೆಗೆ ಎರಡೂ ಪಂಜ ಇಟ್ಟು, ಜಾಕೆಟ್ಟಿನ ಎಡ ಜೇಬಿಗೆ ಮೂತಿ ತೂರಿಸಿ, ಬಾಲವಲ್ಲ, ಸೊಂಟದಿಂದ ಹಿಂದಿನ ಮೈಯನ್ನೆಲ್ಲ ಅಲ್ಲಾಡಿಸುತ್ತಿದ್ದ. ಹುಡುಗಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು, ಮುಖ ಮೇಲೆತ್ತಿ, ಕಣ್ಣು ಮುಚ್ಚಿ, ಎರಡೂ ಕೈ ಬೆನ್ನ ಹಿಂದೆ.

ಆಮೇಲೆ ಎಲ್ಲರೂ ಓಡಿ ಬಂದರು. ನಿರ್ದೇಶಕ ಬಂದವನೇ ಜಾಕೆಟ್ಟು ನೋಡಿದ, ಜೇಬು ಮುಟ್ಟಿ ಬೆರಳು ಮೂಸಿದ. ಬೇಯಿಸಿ ಒಣಗಿಸಿದ ಲಿವರ್ ತುಂಡು, ಕೆಲಸ ಮುಗಿದ ಮೇಲೆ ಶಹಭಾಸ್ ಅಂತ ಕೊಡುವುದು. ಅವನು ಜಡೆ ತೂಗಾಡಿಸಿಕೊಂಡು ನಡುವೆ ನಿಂತು, ಅದು ಹಾಗಲ್ಲ, ಗಾಳಿ ಆ ಕಡೆಯಿಂದ ಬಂತು, ಸ್ವೆಟರಿಗೆ ಇವಳ ವಾಸನೆ, ಅದಕ್ಕೆ ಗಲಿಬಿಲಿ ಆಯ್ತು ಅಂತ ಏನೇನೋ ಹೇಳಿದ. ನಾಯಿಯ ಮೂಗಿನ ವಿಷಯ ಇಪ್ಪತ್ತು ವರ್ಷದಿಂದ ಊರಿಗೆಲ್ಲ ಪಾಠ ಹೇಳಿದವನು, ಕೈಯಾರೆ ಹೋಗಿ ಜಾಕೆಟ್ಟು ಅವಳಿಗೆ ಹಾಕಿ ಗುಂಡಿ ಸೇರಿಸಿ ಬಂದಿದ್ದ. ನನಗೆ ಓಡ್ತಾನೆ ಅನ್ನುವ ನಂಬಿಕೆಯಲ್ಲಿ ಮೂಗಿನ ನೆನಪೇ ಬಂದಿರಲಿಲ್ಲ. ನಿರ್ದೇಶಕನಿಗೆ ಇದೆಲ್ಲ ಬೇಕಾಗಿರಲಿಲ್ಲ. ಅವನ ಮುಖ ಅರಳಿತ್ತು. "ಮೊದಲೇ ಹೇಳಬಾರದಾ ಮೇಷ್ಟ್ರೇ, ಇಷ್ಟೇನಾ ವಿಷಯ," ಅಂದ. ಜಾಕೆಟ್ಟು ಹುಡುಗಿಯ ಮೈಮೇಲೇ ಇರಲಿ, ಮೇಲೆ ಸ್ವೆಟರು ಹಾಕಿ, ನೀವು ಹೋಗಿ ವ್ಯಾನಿನಲ್ಲಿ ಕೂತ್ಕೊಳ್ಳಿ, ಗಾಜು ಏರಿಸಿ, ಅದಕ್ಕೆ ನಿಮ್ಮ ಸುಳಿವು ಸಿಗಬಾರದು ಅಂತ ಅಪ್ಪಣೆ ಕೊಟ್ಟ. ವಸ್ತ್ರದ ಅಕ್ಕ ಸ್ವೆಟರನ್ನು ಅವನ ತಲೆಯ ಮೇಲಿಂದ ಎಳೆದಳು. ಒಂದು ಪಿನ್ನು ಕಿವಿಗೆ ಗೀರಿತು. ಈ ಸಲ ಅವಳಿಗೆ ನಗು ಬರಲಿಲ್ಲ, ಹತ್ತಿಯಿಂದ ಕಿವಿ ಒರೆಸಿ, "ಹೋಗ್ಲಿ ಬಿಡಿ, ಮೂಕಪ್ರಾಣಿ, ಅದಕ್ಕೇನು ಗೊತ್ತಾಗತ್ತೆ," ಅಂದಳು. ಅದಕ್ಕಿಂತ ಅವಳು ನಕ್ಕಿದ್ದರೇ ಚೆನ್ನಾಗಿತ್ತು.

ವ್ಯಾನಿನೊಳಗೆ ಸಾಹೇಬನ ಹಾಸಿಗೆ, ಸಾಹೇಬನ ಬಟ್ಟಲು, ಗಾಜಿನ ಒಳಮೈಗೆ ಸಾಹೇಬನ ಮೂಗಿನ ಗುರುತುಗಳು. ಅವನು ಅಂಗೈಯಿಂದ ಒಂದು ಗುರುತು ಒರೆಸಿ ಆ ಜಾಗದಿಂದ ನೋಡಿದ. ಸದ್ದಿಲ್ಲದ ಮೈದಾನ. ಹುಡುಗಿ ಬೆಂಚಿನ ಮೇಲೆ ಕೂತಳು, ನೆಟ್ಟಗೆ. ದೂರದಲ್ಲಿ ಕಂದು ಚುಕ್ಕೆಯೊಂದು ಕದಲಿ, ದೊಡ್ಡದಾಗಿ, ನಾಯಿಯಾಗಿ, ಬಿಟ್ಟ ಬಾಣದ ಹಾಗೆ ಬಂದು ಅವಳ ಬೆನ್ನಿಗೆ ಬಿತ್ತು. ಅವಳು ಮುಗ್ಗರಿಸಿ ಹುಲ್ಲಿಗೆ ಉರುಳಿದಳು, ತಿರುಗಿದಳು, ಎರಡೂ ತೋಳು ಚಾಚಿ ಅದನ್ನು ಬಾಚಿಕೊಂಡಳು. ಈ ಸಲ ತೋಳು ದೂರ ಇರಲಿಲ್ಲ. ಮುಖವನ್ನು ಅದರ ಕುತ್ತಿಗೆಯ ಕೂದಲಿನಲ್ಲಿ ಪೂರ್ತಿ ಹುದುಗಿಸಿಬಿಟ್ಟಿದ್ದಳು, ಭುಜ ಅಲುಗುತ್ತಿತ್ತು, ನಗುವೋ ಅಳುವೋ ಗಾಜಿನ ಈಚೆಗೆ ಗೊತ್ತಾಗುತ್ತಿರಲಿಲ್ಲ. ಬಹಳ ಹೊತ್ತು ಹಾಗೇ ಇದ್ದರು. ಮನೆಮಂದಿಯೆಲ್ಲ ಅಳುತ್ತಾರೆ ಅಂತ ಅವನಿಗೆ ಅನ್ನಿಸಿತು, ಹೊಟ್ಟೆಕಿಚ್ಚೂ ಆಯಿತು, ಯಾರ ಮೇಲೆ ಅಂತ ಹುಡುಕಲು ಹೋಗಲಿಲ್ಲ. ಕಟ್ ಅಂದದ್ದು ಅವನಿಗೆ ಕೇಳಿಸಲಿಲ್ಲ. ಹುಡುಗಿಯ ತೋಳು ಇದ್ದಕ್ಕಿದ್ದ ಹಾಗೆ ಸಡಿಲವಾಗಿ, ನಾಯಿಯನ್ನು ಬಿಟ್ಟು, ಬೆನ್ನ ಹಿಂದೆ ಹೋದಾಗ ಶಾಟು ಮುಗಿಯಿತು ಅಂತ ತಿಳಿಯಿತು.

ಅವಳೇ ವ್ಯಾನಿನ ಹತ್ತಿರ ಬಂದಳು, ಜಾಕೆಟ್ಟನ್ನು ಮಡಿಸಿ, ತಟ್ಟೆಯ ಹಾಗೆ ಎರಡು ಅಂಗೈ ಮೇಲೆ ಇಟ್ಟುಕೊಂಡು. ಸಾಹೇಬ ಅವಳ ಹಿಂದೆ, ಜೇಬಿನಿಂದ ಒಂದು ಗೇಣು ದೂರದಲ್ಲಿ ಮೂತಿ ಇಟ್ಟುಕೊಂಡು ಬಂದ. ಅವನು ವ್ಯಾನಿನಿಂದ ಇಳಿದ. "ತಗೊಳ್ಳಿ ಅಂಕಲ್," ಅಂದಳು. "ಎಲ್ಲಾ ಹಾಗೇ ಇದೆ. ನೋಡ್ಕೊಳ್ಳಿ. ನಾನು ಒಂದೂ ಕೊಟ್ಟಿಲ್ಲ." ಅವನಿಗೆ ಅರ್ಥವಾಗಲಿಲ್ಲ. "ಅದು ತುಂಬಾ ಕೇಳ್ತು. ಕೈಯೆಲ್ಲ ನೆಕ್ಕಿತು. ಆದ್ರೂ ಕೊಟ್ಟಿಲ್ಲ. ನೀವು ಬೇಡ ಅಂದಿದ್ರಲ್ಲ." ಅವನು ಜೇಬಿಗೆ ಕೈ ಹಾಕಿದ. ತುಂಡುಗಳು ಬೆಳಿಗ್ಗೆ ಹಾಕಿಕೊಂಡಷ್ಟೂ ಇದ್ದವು, ಮೇಲಿನ ಎರಡು ನಾಯಿಯ ಎಂಜಲಿನಿಂದ ಒದ್ದೆಯಾಗಿದ್ದವು.

ಆಗ ಹೇಳಿದ. ಕಾರಿನ ಹತ್ತಿರ ಅಮ್ಮ ಬಾಗಿಲು ತೆಗೆದು ನಿಂತಿದ್ದಳು, ಸೆಟ್ಟಿನ ಹುಡುಗರು ಹಗ್ಗ ಸುತ್ತುತ್ತಿದ್ದರು, ಯಾರೋ ನಾಯಿ ಮೇಷ್ಟ್ರೇ ಅಂತ ಕೂಗುತ್ತಿದ್ದರು, ಅಷ್ಟರ ನಡುವೆಯೇ, ಅವಳ ಎತ್ತರಕ್ಕೆ ಬಗ್ಗುವ ಅಗತ್ಯವೂ ಇಲ್ಲದೆ, ಮುಖಕ್ಕೆ ಮುಖ ಕೊಟ್ಟು ಹೇಳಿದ. "ಅವತ್ತು ನಾನು ಹೇಳಿದ್ದು ಸುಳ್ಳಮ್ಮ. ಅದಕ್ಕೆ ನಿನ್ನ ಕಂಡ್ರೆ ಏನೂ ಕೋಪ ಇಲ್ಲ. ನೀನು ಸುಮ್ನೆ ಯಾಕೆ ಯಾಕೆ ಅಂತ ಕೇಳ್ತಿದ್ದೆ, ನನಗೆ ಸುಸ್ತಾಗಿತ್ತು, ಏನೋ ಅಂದುಬಿಟ್ಟೆ. ತಪ್ಪು ನಂದು." ಹುಡುಗಿ ಕೇಳಿಸಿಕೊಂಡಳು. ದೊಡ್ಡವರು ಸಮಾಧಾನ ಮಾಡುವಾಗ ಮಕ್ಕಳು ಹೇಗೆ ಕೇಳಿಸಿಕೊಳ್ಳುತ್ತಾರೋ ಹಾಗೆ, ಮರ್ಯಾದೆಯಿಂದ, ಮಧ್ಯೆ ಬಾಯಿ ಹಾಕದೆ. "ಪರವಾಗಿಲ್ಲ ಅಂಕಲ್," ಅಂದಳು ಕೊನೆಗೆ. "ಇವತ್ತು ಬಂದಿದ್ದೂ ಲಿವರ್ ಇತ್ತು ಅಂತ ತಾನೆ. ನನಗೆ ಗೊತ್ತು." "ಇಲ್ಲಮ್ಮ, ನಿಜವಾಗ್ಲೂ ಸುಳ್ಳು," ಅಂದ. "ತಗೋ, ನೀನೇ ಕೊಡು ಒಂದು. ಈಗ ಮುಟ್ಟಬಹುದು." ತುಂಡೊಂದನ್ನು ಅವಳ ಮುಂದೆ ಹಿಡಿದ. ಅವಳು ತುಂಡು ನೋಡಿದಳು, ನಾಯಿಯನ್ನು ನೋಡಿದಳು. ನಾಯಿ ತುಂಡನ್ನೇ ನೋಡುತ್ತಿತ್ತು. "ನೀವೇ ಕೊಡಿ. ನಾನು ನೋಡ್ತೀನಿ," ಅಂದಳು. ಅವನು ಕೊಟ್ಟ. ಸಾಹೇಬ ತಿಂದು ಮತ್ತೆ ಜೇಬನ್ನು ನೋಡಿದ. "ನಿಮ್ಮ ಹತ್ರ ಬರೋದೂ ಅದಕ್ಕೇನಾ ಅಂಕಲ್?" ಅಂತ ಅವಳು ಕೇಳಿದಳು. ಚುಚ್ಚುವುದಕ್ಕಲ್ಲ, ಗೊತ್ತಾಗಬೇಕಿತ್ತು ಅಂತ. ಅವನು "ಗೊತ್ತಿಲ್ಲ," ಅಂದ. ಅದು ನಿಜವೇ ಆಗಿತ್ತು. ಅವಳು ಅವನ ಮುಖ ನೋಡಿ ಏನು ಕಂಡಳೋ, "ಅದಕ್ಕಿರಲ್ಲ ಬಿಡಿ," ಅಂದಳು, "ನಿಮ್ಮನ್ನ ಕಂಡ್ರೆ ಇಷ್ಟ ಇರತ್ತೆ."

ಅಮ್ಮ ಕರೆದಳು. ಹುಡುಗಿ ಬರ್ತೀನಿ ಅಂಕಲ್ ಅಂದು, ಸಾಹೇಬನಿಗೂ ಬರ್ತೀನಿ ಅಂದು, ನಡೆದಳು. ಅವಳು ಹೋಗುವುದನ್ನು ಅವನು ಹಿಂದಿನಿಂದ ನೋಡಿದ: ಹಳದಿ ಸ್ವೆಟರು, ಎರಡು ಜಡೆ, ನೆಟ್ಟಗಿನ ಬೆನ್ನು. ನಾಯಿ ಹತ್ತಿರ ಇರಲಿಲ್ಲ, ಇಲ್ಲೇ ಅವನ ಕಾಲ ಬುಡದಲ್ಲಿ ಕೂತಿತ್ತು, ಆದರೂ ಎರಡೂ ಕೈ ಬೆನ್ನ ಹಿಂದೆ ಒಂದರೊಳಗೊಂದು ಹಿಡಿದುಕೊಂಡೇ ಇದ್ದವು. ಕಾರು ಹತ್ತುವಾಗ ಬಾಗಿಲು ಹಿಡಿಯಲು ಒಂದನ್ನು ಮಾತ್ರ ಮುಂದೆ ತಂದಳು.